ಮೂತ್ರ-ಜನನಾಂಗ ವ್ಯೂಹದ ಮಾದರಿ ಫಲಕಗಳು: ಎರಡು ಸೆಮಿಸ್ಟರ್ ಬಳಸಿದ ಮೇಲೆ

ಕಶೇರುಕ ಪ್ರಾಣಿಗಳ ಮೂತ್ರ-ಜನನಾಂಗ ವ್ಯೂಹವನ್ನು ಹೋಲಿಸಿ ಕಲಿಸಲೆಂದು ತಯಾರಿಸಿದ ಹದಿನಾಲ್ಕು ಉಬ್ಬು ಫಲಕಗಳ ಒಂದು ಸೆಟ್ಟನ್ನು ನಮ್ಮ ಪದವಿ ಕಾಲೇಜಿನ ಪ್ರಾಣಿಶಾಸ್ತ್ರ ವಿಭಾಗಕ್ಕೆ ತರಿಸಿ ಎರಡು ಸೆಮಿಸ್ಟರ್ ಕಳೆದಿವೆ. ಶಾರ್ಕ್, ಕಪ್ಪೆ, ಓತಿಕ್ಯಾತ, ಪಾರಿವಾಳ ಮತ್ತು ಇಲಿ, ಈ ಐದು ಪ್ರಾಣಿಗಳಿಗೆ ಗಂಡು ಮತ್ತು ಹೆಣ್ಣು ಎಂದು ಎರಡೆರಡು ಫಲಕಗಳಿದ್ದು, ಉಳಿದ ನಾಲ್ಕು ಭ್ರೂಣದಲ್ಲಿ ಈ ಅಂಗಗಳು ರೂಪುಗೊಳ್ಳುವ ಹಂತಗಳನ್ನು ತೋರಿಸುತ್ತವೆ. ತಯಾರಕರ ಹೆಸರನ್ನು ನಾನು ಇಲ್ಲಿ ಬರೆಯುತ್ತಿಲ್ಲ. ಇದೇ ಅಚ್ಚಿನಿಂದ ತೆಗೆದಂತೆ ಕಾಣುವ ಫಲಕಗಳನ್ನು ಬೇರೆ ಬೇರೆ ಹೆಸರಿನಲ್ಲಿ ಬೇರೆ ಕಾಲೇಜುಗಳಲ್ಲಿಯೂ ನೋಡಿದ್ದೇನೆ. ಆದ್ದರಿಂದ ಯಾರಿಂದ ಕೊಂಡರೆಂಬುದಕ್ಕಿಂತ, ಕೊಳ್ಳುವ ಮುನ್ನ ಫಲಕದ ಮೇಲೆ ಏನನ್ನು ಹುಡುಕಬೇಕು ಎಂಬುದೇ ಓದುವವರಿಗೆ ಹೆಚ್ಚು ಉಪಯೋಗಕ್ಕೆ ಬರುತ್ತದೆ.

ಇಂಥ ಫಲಕಗಳ ಅಗತ್ಯ ಏಕೆ ಬಂತೆಂಬುದು ಪ್ರಾಣಿಶಾಸ್ತ್ರ ಕಲಿಸುವವರಿಗೆಲ್ಲ ತಿಳಿದಿದೆ. ವಿಶ್ವವಿದ್ಯಾಲಯ ಅನುದಾನ ಆಯೋಗವು 2011ರಲ್ಲಿ ಪ್ರಾಣಿಗಳ ಛೇದನವನ್ನು ಹಂತಹಂತವಾಗಿ ಕೈಬಿಡುವಂತೆ ಮಾರ್ಗಸೂಚಿ ಹೊರಡಿಸಿತು, 2014ರಲ್ಲಿ ಅದನ್ನು ಪೂರ್ಣವಾಗಿ ನಿಲ್ಲಿಸುವಂತೆ ಸೂಚಿಸಿತು. ಆ ತೀರ್ಮಾನ ಸರಿಯೆಂದೇ ನನ್ನ ಭಾವನೆ. ಒಂದು ತರಗತಿಗೆ ಗೋಣಿಚೀಲದಲ್ಲಿ ಕಪ್ಪೆಗಳನ್ನು ತರಿಸುತ್ತಿದ್ದ ದಿನಗಳು ಮರಳಿ ಬರಬೇಕೆಂದು ನಾನು ಬಯಸುವುದಿಲ್ಲ. ಆದರೆ ಮೇಣದ ಟ್ರೇಯ ಮುಂದೆ ನಿಂತ ವಿದ್ಯಾರ್ಥಿ ಚಿಮಟದ ತುದಿಯಿಂದ ಒಂದು ನಾಳವನ್ನು ಮೆಲ್ಲನೆ ಎತ್ತಿ, ಅದು ಎಲ್ಲಿಂದ ಹೊರಟು ಎಲ್ಲಿ ಸೇರುತ್ತದೆಂದು ಕಣ್ಣಾರೆ ಹಿಂಬಾಲಿಸುತ್ತಿದ್ದ ಕಲಿಕೆಗೆ ಬದಲಿಯೊಂದು ಬೇಕೇ ಬೇಕು. ಈ ವ್ಯೂಹದ ಮಟ್ಟಿಗಂತೂ ಆ ಹಿಂಬಾಲಿಸುವಿಕೆಯೇ ಪಾಠದ ಜೀವಾಳ.

ಏಕೆಂದರೆ ಇಲ್ಲಿ ಅಂಗಗಳ ಆಕಾರಕ್ಕಿಂತ ನಾಳಗಳ ದಾರಿ ಮುಖ್ಯ. ಮೂತ್ರಪಿಂಡ ಮತ್ತು ಜನನಗ್ರಂಥಿ (ವೃಷಣ ಅಥವಾ ಅಂಡಾಶಯ) ಭ್ರೂಣದ ಬೆನ್ನಿನ ಭಾಗದಲ್ಲಿ ಅಕ್ಕಪಕ್ಕದಲ್ಲೇ ಹುಟ್ಟುತ್ತವೆ. ಮೂತ್ರಕ್ಕೆಂದು ತೆರೆದ ಕಾಲುವೆಯನ್ನು ವೀರ್ಯವೂ ಬಳಸಿಕೊಳ್ಳುತ್ತದೆ. ಮುಂದೆ ಬೇರೆ ಬೇರೆ ವರ್ಗಗಳಲ್ಲಿ ಆ ಹಂಚಿಕೆ ಬದಲಾಗುತ್ತಾ ಹೋಗಿ, ಕೊನೆಗೆ ಸಸ್ತನಿಯ ಗಂಡಿನಲ್ಲಿ ಹಳೆಯ ಮೂತ್ರದ ಕಾಲುವೆ ಸಂಪೂರ್ಣವಾಗಿ ವೀರ್ಯದ ಪಾಲಾಗಿ, ಮೂತ್ರಕ್ಕೆ ಹೊಸದೊಂದು ನಾಳ ಬರುತ್ತದೆ. ಈ ಒಂದು ಕಾಲುವೆಯ ಕೈಬದಲನ್ನು ಐದು ಪ್ರಾಣಿಗಳಲ್ಲಿ ತಪ್ಪಿಲ್ಲದೆ ತೋರಿಸಿದರೆ ಫಲಕ ಒಳ್ಳೆಯದು. ತೋರಿಸದಿದ್ದರೆ ಅದು ಬಣ್ಣ ಬಳಿದ ಪ್ಲಾಸ್ಟಿಕ್ ಅಷ್ಟೇ. ಈ ಅಳತೆಗೋಲಿನಿಂದಲೇ ನಾನು ಪ್ರತಿಯೊಂದನ್ನೂ ನೋಡಿದ್ದೇನೆ.

ಸೆಟ್ಟಿನ ವಯಸ್ಕ ಪ್ರಾಣಿಗಳ ಫಲಕಗಳಲ್ಲಿ ಗಂಡು ಕಪ್ಪೆಯದು ಅತ್ಯುತ್ತಮ. ಹಳದಿ ಬಣ್ಣದ ಅಂಡಾಕಾರದ ವೃಷಣಗಳು ಮೂತ್ರಪಿಂಡದ ಮೇಲ್ಭಾಗಕ್ಕೆ ಮೀಸಾರ್ಕಿಯಮ್ ಎಂಬ ತೆಳುಪೊರೆಯಿಂದ ಅಂಟಿಕೊಂಡಿರುವುದನ್ನು ಪಾರದರ್ಶಕ ಹಾಳೆಯೊಂದರಿಂದ ತೋರಿಸಿದ್ದಾರೆ. ವೃಷಣದಿಂದ ಹೊರಡುವ ಹತ್ತು-ಹನ್ನೆರಡು ಸಣ್ಣ ವೀರ್ಯವಾಹಕಗಳು ಮೂತ್ರಪಿಂಡವನ್ನೇ ಹೊಕ್ಕು, ಅದರೊಳಗಿನ ಬಿಡ್ಡರ್ ನಾಳಕ್ಕೆ ತೆರೆದು, ಅಲ್ಲಿಂದ ಮೂತ್ರ-ಜನನ ನಾಳವನ್ನು ಸೇರಿ, ಮಲ, ಮೂತ್ರ, ವೀರ್ಯ ಮೂರಕ್ಕೂ ಒಂದೇ ಹೊರದಾರಿಯಾದ ಕ್ಲೋಯಾಕಾಕ್ಕೆ ಬರುವ ದಾರಿಯನ್ನು ಕಾಣಿಸಲು ಒಂದು ಬದಿಯ ಮೂತ್ರಪಿಂಡವನ್ನು ಸೀಳಿದಂತೆ ಮಾಡಿದ್ದಾರೆ. ಛೇದನದ ಕಾಲದಲ್ಲಿ ಬಿಡ್ಡರ್ ನಾಳವನ್ನು ನಮ್ಮಲ್ಲಿ ಯಾರೂ ನಿಜವಾಗಿ ಕಂಡಿರಲಿಲ್ಲ, ಪುಸ್ತಕ ನೋಡಿ ಜರ್ನಲ್‌ನಲ್ಲಿ ಬರೆಯುತ್ತಿದ್ದೆವು. ಇಲ್ಲಿ ಅದು ಕಣ್ಣಿಗೆ ಸಿಗುತ್ತದೆ. ಮೂತ್ರಕೋಶ ಈ ನಾಳಗಳಿಗೆ ನೇರವಾಗಿ ಜೋಡಣೆಯಾಗದೆ, ಗುದನಾಳದ ಹೊಟ್ಟೆಯ ಬದಿಯಲ್ಲಿ ಪ್ರತ್ಯೇಕವಾಗಿ ಕ್ಲೋಯಾಕಾಕ್ಕೆ ತೆರೆದುಕೊಳ್ಳುವುದೂ ಸರಿಯಾಗಿದೆ. ಬಿಡ್ಡರ್ ನಾಳ ಮತ್ತು ಬಿಡ್ಡರ್ ಅಂಗ ಒಂದೇ ಎಂದು ವಿದ್ಯಾರ್ಥಿಗಳು ಪ್ರತಿ ವರ್ಷವೂ ಗೊಂದಲಕ್ಕೆ ಬೀಳುವುದರಿಂದ, ಬಿಡ್ಡರ್ ಅಂಗವೆಂಬುದು ನೆಲಗಪ್ಪೆಯ ಗಂಡಿನಲ್ಲಿ ವೃಷಣದ ತುದಿಗೆ ಉಳಿದುಕೊಂಡಿರುವ ಅಂಡಾಶಯದ ಮೊಳಕೆಯೆಂದು ಪಕ್ಕದಲ್ಲಿ ಒಂದು ಚೀಟಿ ಅಂಟಿಸಿಟ್ಟಿದ್ದೇನೆ.

ಹೆಣ್ಣು ಕಪ್ಪೆಯ ಫಲಕವೂ ಮೆಚ್ಚುವಂಥದ್ದೇ. ಅಂಡಾಶಯಕ್ಕೂ ಮೂತ್ರಪಿಂಡಕ್ಕೂ ಕಾರ್ಯಸಂಬಂಧವಿಲ್ಲ, ಅಂಡಾಶಯಕ್ಕೂ ಅಂಡನಾಳಕ್ಕೂ ನೇರ ಬೆಸುಗೆಯೂ ಇಲ್ಲ; ಅಂಡಗಳು ದೇಹಕುಹರಕ್ಕೆ ಉದುರಿ, ಸೂಕ್ಷ್ಮ ಲೋಮಗಳ ಅಲೆಯಿಂದ ಸಾಗಿ, ಮುಂದೆ ಶ್ವಾಸಕೋಶದ ಬುಡದ ಹತ್ತಿರವಿರುವ ಆಲಿಕೆಯಂಥ ಬಾಯಿಯನ್ನು ಹೊಗುತ್ತವೆ. ಆ ಅಂತರವನ್ನು ಫಲಕದಲ್ಲಿ ಖಾಲಿಯಾಗಿಯೇ ಬಿಟ್ಟಿರುವುದು ತಯಾರಿಸಿದವರಿಗೆ ವಿಷಯ ಗೊತ್ತಿತ್ತೆಂಬುದಕ್ಕೆ ಗುರುತು. ಅಗ್ಗದ ಫಲಕಗಳು ಅಂಡನಾಳವನ್ನು ಅಂಡಾಶಯಕ್ಕೇ ಅಂಟಿಸಿಬಿಡುತ್ತವೆ.

ಶಾರ್ಕ್ ಫಲಕಗಳ ವಿಷಯದಲ್ಲಿ ಇಷ್ಟು ತೃಪ್ತಿಯಿಲ್ಲ. ನಮ್ಮ ಕರಾವಳಿಯ ಬಲೆಗಳಿಗೂ ಬೀಳುವ ಸ್ಕೋಲಿಯೋಡಾನ್ ಎಂಬ ಚಿಕ್ಕ ಶಾರ್ಕ್ ಅನ್ನೇ ಆರಿಸಿಕೊಂಡಿರುವುದು ಸಂತೋಷದ ಸಂಗತಿ. ಅದರ ಗಂಡಿನಲ್ಲಿ ಮೂತ್ರಪಿಂಡದ ಮುಂಭಾಗವು ವೃಷಣದ ಸೇವೆಗೆ ಸರಿದು, ಹಳೆಯ ನಾಳವು ಸುರುಳಿಸುತ್ತಿ ವೀರ್ಯವನ್ನು ಒಯ್ಯುತ್ತದೆ. ಮೂತ್ರವನ್ನು ಸ್ರವಿಸುವ ಹಿಂಭಾಗಕ್ಕೆ ಬೇರೆ ಸಹಾಯಕ ನಾಳಗಳು ಬೆಳೆಯುತ್ತವೆ. ಕಪ್ಪೆಯಲ್ಲಿ ಹಂಚಿಕೊಂಡು ಬಳಸುವ ಕಾಲುವೆಯನ್ನು ಶಾರ್ಕ್ ಆಗಲೇ ಬೇರ್ಪಡಿಸಿಕೊಳ್ಳಲು ಹೊರಟಿದೆ ಎಂಬ ಕುತೂಹಲದ ವಿಷಯ ಇಲ್ಲಿದೆ. ಆದರೆ ಫಲಕದಲ್ಲಿ ಸಹಾಯಕ ನಾಳವನ್ನು ಬಿಟ್ಟೇಬಿಟ್ಟಿದ್ದಾರೆ, ಹಾಗಾಗಿ ನೋಡಿದವರಿಗೆ ಶಾರ್ಕ್ ಕೂಡ ಕಪ್ಪೆಯಂತೆಯೇ ಎನಿಸುತ್ತದೆ. ಹೆಣ್ಣಿನಲ್ಲಿ ಎರಡೂ ಅಂಡನಾಳಗಳು ಮುಂದೆ ಕೂಡಿ ಒಂದೇ ಬಾಯಿಯಿಂದ ತೆರೆಯಬೇಕು; ಇಲ್ಲಿ ಎರಡು ಬಾಯಿಗಳಿವೆ. ಸ್ಕೋಲಿಯೋಡಾನ್ ಮರಿಹಾಕುವ ಮೀನು, ಅದರ ಭ್ರೂಣಕ್ಕೂ ತಾಯಿಗೂ ನಡುವೆ ಹೊಕ್ಕುಳಬಳ್ಳಿಯೂ ಜರಾಯುವೂ ಇರುತ್ತವೆ ಎಂಬುದನ್ನು ಗರ್ಭಾಶಯದ ಭಾಗದಲ್ಲಿ ಒಂದು ಮರಿಯನ್ನಿಟ್ಟು ತೋರಿಸಿದ್ದರೆ ಎಷ್ಟು ಚೆನ್ನಾಗಿರುತ್ತಿತ್ತು!

ಓತಿಕ್ಯಾತದ ಫಲಕಗಳು ಸಾಧಾರಣ. ಗಂಡಿನ ಜೋಡಿ ಶಿಶ್ನಗಳು ಸ್ಪಷ್ಟವಾಗಿವೆ ಎಂಬುದನ್ನು ಬಿಟ್ಟು ಹೇಳುವಂಥದ್ದು ಹೆಚ್ಚೇನಿಲ್ಲ. ಪಾರಿವಾಳದಲ್ಲಿ ಮೂರು ಹಾಲೆಗಳ ಮೂತ್ರಪಿಂಡ ಸೊಂಟದ ಮೂಳೆಯ ಗುಳಿಗಳಲ್ಲಿ ಹುದುಗಿ ಕುಳಿತಿರುವುದನ್ನು ಅಚ್ಚುಕಟ್ಟಾಗಿ ಮಾಡಿದ್ದಾರೆ. ಮೂತ್ರಕೋಶವಿಲ್ಲ, ಇರಲೂಬಾರದು, ಯೂರಿಕ್ ಆಮ್ಲದ ಬಿಳಿ ಮುದ್ದೆಯಾಗಿ ಹೊರಬೀಳುವ ಮೂತ್ರಕ್ಕೆ ಕೋಶದ ಅಗತ್ಯವಿಲ್ಲ. ಹೆಣ್ಣಿನಲ್ಲಿ ಎಡಗಡೆಯ ಅಂಡಾಶಯ ಮತ್ತು ಅಂಡನಾಳ ಮಾತ್ರ ಬೆಳೆದಿದ್ದು, ಬಲಗಡೆಯ ಅಂಡನಾಳದ ಕುರುಹೊಂದು ಕ್ಲೋಯಾಕಾದ ಬಳಿ ಸಣ್ಣ ಮೊಟಕಾಗಿ ಉಳಿದಿರುವುದನ್ನೂ ಮರೆಯದೆ ಇಟ್ಟಿದ್ದಾರೆ.

ಇನ್ನು ಇಲಿ. ಹಣ ಕೊಡುವ ಮುನ್ನ ನೋಡಲೇಬೇಕಾದ ಫಲಕ ಇದು. ಸಸ್ತನಿಯ ವೃಷಣ ಹೊಟ್ಟೆಯೊಳಗೆ ಮೂತ್ರಪಿಂಡದ ಹತ್ತಿರ ಹುಟ್ಟಿ, ಗುಬರ್ನಾಕ್ಯುಲಮ್ ಎಂಬ ಕಟ್ಟಿನ ಜೊತೆಯಲ್ಲಿ ಕೆಳಗಿಳಿದು ವೃಷಣಚೀಲವನ್ನು ಸೇರುತ್ತದೆ. ಆ ಕಟ್ಟಿಗೆ ಚುಕ್ಕಾಣಿ ಎಂಬರ್ಥದ ಈ ಹೆಸರನ್ನು ಕೊಟ್ಟವನು ಹದಿನೆಂಟನೆಯ ಶತಮಾನದ ಲಂಡನ್ನಿನ ಶಸ್ತ್ರವೈದ್ಯ ಜಾನ್ ಹಂಟರ್. ಹೀಗೆ ಇಳಿಯುವಾಗ ವೃಷಣವು ತನ್ನ ವೀರ್ಯನಾಳವನ್ನೂ ಎಳೆದುಕೊಂಡು ಹೋಗುವುದರಿಂದ, ಆ ನಾಳ, ಮೂತ್ರಪಿಂಡದಿಂದ ಮೂತ್ರಕೋಶಕ್ಕೆ ಇಳಿಯುವ ಮೂತ್ರನಾಳದ ಮೇಲೆ ಹಾದು ಕೊಕ್ಕೆಯಂತೆ ಬಾಗಿ, ಮೂತ್ರಕೋಶದಿಂದ ಹೊರಕ್ಕೆ ಹೋಗುವ ಮೂತ್ರದ್ವಾರ ನಾಳವನ್ನು ಸೇರುತ್ತದೆ. ಸೇತುವೆಯ ಕೆಳಗೆ ನೀರು ಹರಿದಂತೆ ವೀರ್ಯನಾಳದ ಕೆಳಗೆ ಮೂತ್ರನಾಳ ಹಾದುಹೋಗಬೇಕು. ಆ ಕೊಕ್ಕೆಯೊಂದನ್ನು ನೋಡಿದರೆ ವೃಷಣ ಎಲ್ಲಿಂದ ಹೊರಟಿತ್ತೆಂಬ ಕಥೆಯೆಲ್ಲ ತಿಳಿಯುತ್ತದೆ. ನಮ್ಮ ಕಾಡಿನ ಆನೆಯ ವೃಷಣಗಳು ಕೆಳಗಿಳಿಯದೆ ಹೊಟ್ಟೆಯೊಳಗೇ, ಮೂತ್ರಪಿಂಡದ ಬಳಿಯಲ್ಲೇ ಉಳಿಯುತ್ತವೆ ಎಂದು ಹೇಳಿ, ಹಾಗಾದರೆ ಅದರಲ್ಲಿ ಈ ಕೊಕ್ಕೆ ಇದ್ದೀತೇ ಎಂದು ತರಗತಿಯಲ್ಲಿ ಕೇಳುವುದು ನನ್ನ ರೂಢಿ. ನಮಗೆ ಬಂದ ಫಲಕದಲ್ಲಿ ಕೊಕ್ಕೆಯೇ ಇಲ್ಲ. ವೀರ್ಯನಾಳ ನೇರವಾಗಿ ಮೂತ್ರಕೋಶದ ಬುಡಕ್ಕೆ ಬರುತ್ತದೆ, ಮೂತ್ರನಾಳ ಅದರಿಂದ ದೂರದಲ್ಲಿ ಇಳಿಯುತ್ತದೆ, ಎರಡೂ ಎಲ್ಲಿಯೂ ಒಂದನ್ನೊಂದು ದಾಟುವುದಿಲ್ಲ. ಇದು ಅಚ್ಚಿನ ಸಣ್ಣ ಕೊರತೆಯಲ್ಲ, ಪಾಠವನ್ನೇ ಕಳೆಯುವ ತಪ್ಪು.

ಹೆಣ್ಣು ಇಲಿಯ ಫಲಕ ಇದಕ್ಕಿಂತ ಮೇಲು. ಎರಡು ಗರ್ಭಾಶಯದ ಕೊಂಬುಗಳು ಕೊನೆಯವರೆಗೂ ಬೇರೆಯಾಗಿಯೇ ಬಂದು ಎರಡು ಗರ್ಭಕಂಠಗಳಿಂದ ಒಂದೇ ಯೋನಿಗೆ ತೆರೆಯುತ್ತವೆ. ಮೂತ್ರದ್ವಾರ ಯೋನಿಯ ಮುಂದೆ ಪ್ರತ್ಯೇಕವಾಗಿದೆ. ಬಲ ಮೂತ್ರಪಿಂಡ ಎಡದ್ದಕ್ಕಿಂತ ತುಸು ಮುಂದಿದೆ. ಮನುಷ್ಯರಲ್ಲಿ ಬಲ ಮೂತ್ರಪಿಂಡ ಕೆಳಗಿರುವುದನ್ನು ಓದಿದ ವಿದ್ಯಾರ್ಥಿಗಳು ಇದನ್ನು ತಪ್ಪೆಂದು ತೋರಿಸಿದಾಗ, ಇಲ್ಲ, ಇಲಿಯಲ್ಲಿ ಹೀಗೆಯೇ ಎಂದು ವಿವರಿಸುವ ಅವಕಾಶ ಸಿಕ್ಕಿತು.

ಈ ಸೆಟ್ಟಿಗೆ ಕೊಟ್ಟ ಹಣ ಸಾರ್ಥಕವಾದದ್ದು ಬೆಳವಣಿಗೆಯ ನಾಲ್ಕು ಫಲಕಗಳಿಂದ. ಮೊದಲನೆಯದರಲ್ಲಿ ಭ್ರೂಣದ ನಡುವಣ ಮೀಸೋಡರ್ಮ್ (ಭ್ರೂಣದ ಮಧ್ಯದ ಜೀವಕೋಶ ಪದರ) ಪಟ್ಟಿಯಿಂದ ಮೂರು ಮೂತ್ರಪಿಂಡಗಳು ತಲೆಯಿಂದ ಬಾಲದ ಕಡೆಗೆ ಒಂದಾದ ಮೇಲೊಂದು ಹುಟ್ಟುತ್ತವೆ: ಗೊದಮೊಟ್ಟೆಯಲ್ಲಿ ಕೆಲಸ ಮಾಡುವ, ಮನುಷ್ಯ ಭ್ರೂಣದಲ್ಲಿ ನಾಲ್ಕನೆಯ ವಾರದಲ್ಲಿ ಕಾಣಿಸಿ ಮಾಯವಾಗುವ ಪ್ರೋನೆಫ್ರಾಸ್, ವಯಸ್ಕ ಮೀನು-ಕಪ್ಪೆಗಳಿಗೆ ಜೀವನವಿಡೀ ಆಧಾರವಾಗುವ ಮೂತ್ರಪಿಂಡಕ್ಕೆ ಸಾಟಿಯಾದ, ನಮ್ಮಲ್ಲಿ ಕೆಲವು ವಾರ ಮಾತ್ರ ದುಡಿಯುವ ಮೀಸೋನೆಫ್ರಾಸ್, ಸರೀಸೃಪ, ಹಕ್ಕಿ ಮತ್ತು ಸಸ್ತನಿಗಳ ಕಾಯಂ ಮೂತ್ರಪಿಂಡವಾಗುವ ಮೆಟಾನೆಫ್ರಾಸ್. ಎರಡನೆಯ ಫಲಕದಲ್ಲಿ ಐದನೆಯ ವಾರದ ಹೊತ್ತಿಗೆ ಹಳೆಯ ನಾಳದ ಬುಡದಿಂದ ಒಂದು ಮೊಗ್ಗು ಚಿಗುರಿ, ಮೆಟಾನೆಫ್ರಾಸ್‌ನ ಅಂಗಾಂಶದೊಳಗೆ ನುಗ್ಗಿ, ಮರದಂತೆ ಕವಲೊಡೆಯುವುದನ್ನು ಬಿಡಿಸಿ ಜೋಡಿಸಬಹುದಾದ ತುಂಡುಗಳಲ್ಲಿ ಮಾಡಿದ್ದಾರೆ. ಮೊಗ್ಗು ಬರದಿದ್ದರೆ ಮೂತ್ರಪಿಂಡವಿಲ್ಲ, ಅಂಗಾಂಶ ಕರೆಯದಿದ್ದರೆ ಮೊಗ್ಗು ಬರುವುದಿಲ್ಲ. ಈ ಪರಸ್ಪರ ಕರೆಯಿಂದಲೇ ಮನುಷ್ಯನ ಒಂದೊಂದು ಮೂತ್ರಪಿಂಡದಲ್ಲಿ ರಕ್ತವನ್ನು ಸೋಸುವ ಸೂಕ್ಷ್ಮ ಘಟಕಗಳಾದ ಸರಾಸರಿ ಸುಮಾರು 10 ಲಕ್ಷ ನೆಫ್ರಾನ್‌ಗಳು ತಯಾರಾಗುತ್ತವೆ. ಸಸ್ತನಿಯ ಮೂತ್ರನಾಳ ಎಲ್ಲಿಂದ ಬಂತೆಂಬ ಪ್ರಶ್ನೆಗೆ, ಆ ತುಂಡುಗಳನ್ನು ಕೈಯಲ್ಲಿ ಜೋಡಿಸಿದ ವಿದ್ಯಾರ್ಥಿಗಳು ಈ ಬಾರಿ ಬಾಯಿಪಾಠವಿಲ್ಲದೆ ಉತ್ತರ ಕೊಟ್ಟರು.

ಮೂರನೆಯ ಮತ್ತು ನಾಲ್ಕನೆಯ ಫಲಕಗಳು ಗಂಡು-ಹೆಣ್ಣಿನ ಕವಲುದಾರಿಯವು. ಪ್ರತಿ ಭ್ರೂಣದಲ್ಲಿಯೂ ಮೊದಲು ಎರಡು ಜೋಡಿ ನಾಳಗಳಿರುತ್ತವೆ. ಒಂದಕ್ಕೆ, ಅಂದರೆ ಇಲ್ಲಿಯವರೆಗೆ ಹಳೆಯ ನಾಳವೆಂದು ಕರೆದ ಮೂತ್ರದ ಕಾಲುವೆಗೆ, 1759ರ ತನ್ನ ಪ್ರಬಂಧದಲ್ಲಿ ಕೋಳಿಯ ಭ್ರೂಣವನ್ನು ಅಭ್ಯಸಿಸಿದ ಕ್ಯಾಸ್ಪರ್ ಫ್ರೀಡ್ರಿಕ್ ವೂಲ್ಫ್‌ನ ಹೆಸರು. ಇನ್ನೊಂದಕ್ಕೆ, ಅದನ್ನು 1830ರಲ್ಲಿ ವಿವರಿಸಿದ ಯೋಹಾನೆಸ್ ಮ್ಯೂಲರ್‌ನ ಹೆಸರು. ಗಂಡಿನಲ್ಲಿ ವೂಲ್ಫ್ ನಾಳ ಎಪಿಡಿಡಿಮಿಸ್ (ವೃಷಣಕ್ಕೆ ಅಂಟಿಕೊಂಡ ಸುರುಳಿ ನಾಳ) ಮತ್ತು ವೀರ್ಯನಾಳವಾಗುತ್ತದೆ, ಮ್ಯೂಲರ್ ನಾಳ ಕರಗುತ್ತದೆ. ಹೆಣ್ಣಿನಲ್ಲಿ ಮ್ಯೂಲರ್ ನಾಳ ಅಂಡನಾಳ, ಗರ್ಭಾಶಯವಾಗಿ ಬೆಳೆಯುತ್ತದೆ, ವೂಲ್ಫ್ ನಾಳ ಕುರುಹಾಗಿ ಉಳಿಯುತ್ತದೆ. ಉಳಿದ ಕುರುಹುಗಳನ್ನೂ ಚುಕ್ಕೆಗೆರೆಯಲ್ಲಿ ಗುರುತಿಸಿರುವುದು ಬಹಳ ಚೆನ್ನಾಗಿದೆ. ಆದರೆ ಯಾವುದು ಉಳಿಯಬೇಕೆಂದು ಯಾರು ತೀರ್ಮಾನಿಸುತ್ತಾರೆ ಎಂಬುದಕ್ಕೆ ಫಲಕದಲ್ಲಾಗಲಿ ಜೊತೆಗಿರುವ ಕೈಪಿಡಿಯಲ್ಲಾಗಲಿ ಒಂದು ಸಾಲೂ ಇಲ್ಲ. ಫ್ರಾನ್ಸಿನ ಆಲ್ಫ್ರೆಡ್ ಜೋಸ್ಟ್ 1947ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ, ಗರ್ಭದಲ್ಲಿರುವ ಮೊಲದ ಭ್ರೂಣಗಳ ಜನನಗ್ರಂಥಿಗಳನ್ನು ತೆಗೆದಾಗ ಎಲ್ಲವೂ ಹೆಣ್ಣಿನ ನಾಳಗಳೊಡನೆ ಬೆಳೆದವು; ವೃಷಣದ ಟೆಸ್ಟೋಸ್ಟೆರಾನ್ ವೂಲ್ಫ್ ನಾಳವನ್ನು ಉಳಿಸುತ್ತದೆ, ವೃಷಣದ್ದೇ ಇನ್ನೊಂದು ಹಾರ್ಮೋನು ಮ್ಯೂಲರ್ ನಾಳವನ್ನು ಅಳಿಸುತ್ತದೆ. ಹೋರಿಗರುವಿನ ಜೊತೆ ಅವಳಿಯಾಗಿ ಹುಟ್ಟಿದ ಹೆಣ್ಣುಗರು ಸಾಮಾನ್ಯವಾಗಿ ಗಬ್ಬ ಕಟ್ಟುವುದಿಲ್ಲ ಎಂಬುದು ಹಸು ಸಾಕುವವರ ಅನುಭವದಲ್ಲಿರುವ ಮಾತು. ಜರಾಯುವಿನ ರಕ್ತನಾಳಗಳು ಕೂಡಿಕೊಂಡು ಹೋರಿಗರುವಿನ ಹಾರ್ಮೋನುಗಳು ಹೆಣ್ಣುಗರುವಿಗೆ ಹರಿದು ಅದರ ಗರ್ಭಾಶಯವನ್ನು ಬೆಳೆಯಗೊಡದಿರುವುದೇ ಅದಕ್ಕೆ ಕಾರಣ. ರೈತರ ಮಕ್ಕಳೇ ಹೆಚ್ಚಾಗಿರುವ ನಮ್ಮ ತರಗತಿಯಲ್ಲಿ ಈ ಉದಾಹರಣೆಯನ್ನು ಹೇಳಿದ ದಿನ ಆ ಎರಡು ಫಲಕಗಳ ಸುತ್ತ ಬಹಳ ಹೊತ್ತು ಮಾತು ನಡೆಯಿತು.

ಇನ್ನು ತಯಾರಿಕೆಯ ಗುಣಮಟ್ಟ. ಫಲಕಗಳು ಗಟ್ಟಿಯಾಗಿವೆ, ಒಂದು ಬಾರಿ ಕೆಳಗೆ ಬಿದ್ದರೂ ಒಡೆಯಲಿಲ್ಲ. ಬಣ್ಣ ಮಾತ್ರ ಪ್ರಾಣಿಯಿಂದ ಪ್ರಾಣಿಗೆ ಬದಲಾಗುತ್ತದೆ: ಕಪ್ಪೆಯಲ್ಲಿ ವೂಲ್ಫ್ ನಾಳ ಹಸಿರು, ಇಲಿಯಲ್ಲಿ ನೀಲಿ. ಹೋಲಿಸುವುದಕ್ಕೆಂದೇ ಮಾಡಿದ ಸೆಟ್ಟಿನಲ್ಲಿ ಒಂದೇ ನಾಳಕ್ಕೆ ಒಂದೇ ಬಣ್ಣವಿರಬೇಕು ಎಂಬುದನ್ನು ತಯಾರಕರಿಗೆ ಪತ್ರದಲ್ಲಿ ಬರೆದಿದ್ದೇನೆ, ಉತ್ತರ ಬಂದಿಲ್ಲ. ಕೈಪಿಡಿ ಇಂಗ್ಲಿಷಿನಲ್ಲಿ ಮಾತ್ರ ಇದೆ; ಕನ್ನಡ ಮಾಧ್ಯಮದಿಂದ ಬಂದವರಿಗಾಗಿ ಅಂಗಗಳ ಹೆಸರುಗಳನ್ನು ಎರಡೂ ಭಾಷೆಯಲ್ಲಿ ಟೈಪ್ ಮಾಡಿ ಪ್ರತಿ ಫಲಕದ ಹಿಂಭಾಗಕ್ಕೆ ಅಂಟಿಸಬೇಕಾಯಿತು.

ಅನುದಾನ ಕಡಿಮೆಯಿರುವ ಕಾಲೇಜುಗಳು ಇಡೀ ಸೆಟ್ಟಿನ ಬದಲು ಬೆಳವಣಿಗೆಯ ನಾಲ್ಕು ಫಲಕಗಳನ್ನೂ ಕಪ್ಪೆಯ ಎರಡನ್ನೂ ಬಿಡಿಯಾಗಿ ಕೇಳಿ ಕೊಳ್ಳುವುದು ಒಳ್ಳೆಯದು. ನಮಗೆ ಸಾಮಗ್ರಿ ಒದಗಿಸಿದವರು ಬಿಡಿಯಾಗಿಯೂ ಕೊಡುತ್ತಾರೆಂಬುದು ಪೂರ್ತಿ ಹಣ ಕೊಟ್ಟ ಮೇಲಷ್ಟೇ ನಮಗೆ ತಿಳಿಯಿತು. ಗಂಡು ಇಲಿಯ ಫಲಕವನ್ನು ನಾವು ಎಸೆಯಲಿಲ್ಲ. ಪ್ಲಾಸ್ಟಿಕ್ ವೀರ್ಯನಾಳವನ್ನು ಕೆತ್ತಿ ತೆಗೆದು, ಅದರ ಜಾಗದಲ್ಲಿ ನೀಲಿ ಹೊದಿಕೆಯ ವಿದ್ಯುತ್ ತಂತಿಯನ್ನು ವೃಷಣದಿಂದ ಮೇಲಕ್ಕೆ ಎಳೆದು, ಮೂತ್ರನಾಳದ ಮೇಲಿಂದ ದಾಟಿಸಿ, ಕೊಕ್ಕೆಯಂತೆ ಬಾಗಿಸಿ ಅಂಟಿಸಿದ್ದೇವೆ. ಐದನೆಯ ಸೆಮಿಸ್ಟರಿನ ಇಬ್ಬರು ವಿದ್ಯಾರ್ಥಿನಿಯರು ಒಂದು ಮಧ್ಯಾಹ್ನ ಕುಳಿತು ಮಾಡಿದ ಕೆಲಸ ಅದು, ಮತ್ತು ಈಗ ಪ್ರಾಯೋಗಿಕ ಪರೀಕ್ಷೆಗೆ ಆ ಫಲಕವನ್ನೇ ಇಡುತ್ತಿದ್ದೇವೆ.