ಬಿಜೈಯ ಕೌನ್ಸೆಲಿಂಗ್ ಕ್ಲಿನಿಕ್ಕು: ಹನ್ನೊಂದು ಸಿಟ್ಟಿಂಗ್ ಆದ ಮೇಲೆ ಬರೆದ ರಿವ್ಯೂ

ಮೊದ್ಲೇ ಹೇಳ್ತೇನೆ, ಕ್ಲಿನಿಕ್ಕಿನ ಹೆಸರು ಹಾಕುದಿಲ್ಲ. ಹೊಗಳ್ಲಿಕ್ಕೆ ಉಂಟು, ಬೈಲಿಕ್ಕೂ ಸ್ವಲ್ಪ ಉಂಟು, ಮತ್ತೆ ಮಂಗಳೂರು ಅಂದ್ರೆ ಗೊತ್ತಲ್ಲ ಮಾರಾಯ್ರೆ, ಹಂಪನಕಟ್ಟೆಯಲ್ಲಿ ನೀವು ಸೀನಿದ್ರೆ ಸುರತ್ಕಲ್ಲಿನ ದೊಡ್ಡಮ್ಮ ಫೋನ್ ಮಾಡಿ ಶೀತ ಹೇಗುಂಟು ಅಂತ ಕೇಳ್ತಾರೆ. ಹಾಗಾಗಿ ಜಾಗ ಬಿಜೈ, ಎರಡನೇ ಮಾಳಿಗೆ, ಕೆಳಗೆ ಝೆರಾಕ್ಸ್ ಅಂಗಡಿ, ಅಷ್ಟು ಸಾಕು. ಐದರಲ್ಲಿ ನಾಲ್ಕು ಸ್ಟಾರ್. ಹೋದ ಆ ಒಂದು ಸ್ಟಾರ್ ಎಲ್ಲಿ ಹೋಯ್ತು ಅಂತ ಆಮೇಲೆ ಹೇಳ್ತೇನೆ.

ನಾನು ತೊಕ್ಕೊಟ್ಟಿನವ, ಬಂದರಿನಲ್ಲಿ ಒಂದು ಹೋಲ್‌ಸೇಲ್ ಅಂಗಡಿಯ ಅಕೌಂಟ್ಸ್ ನೋಡುದು. ಕಳೆದ ವರ್ಷ ಮಾರ್ಚ್ ತಿಂಗಳು, ಇಯರ್ ಎಂಡಿಂಗ್ ಗಡಿಬಿಡಿ, ಬೆಳಿಗ್ಗೆ ಬಸ್ಸು ನೇತ್ರಾವತಿ ಸೇತುವೆ ಮೇಲೆ ಜಾಮಲ್ಲಿ ನಿಂತದ್ದು ನಿಂತದ್ದೇ, ಸೆಖೆ ಅಂದ್ರೆ ಸೆಖೆ, ಪಕ್ಕದಲ್ಲಿ ರೈಲ್ವೆ ಸೇತುವೆ ನೋಡ್ತಾ ಇದ್ದವನಿಗೆ ಒಮ್ಮೆಲೇ ಎದೆ ಡವಡವ, ಕೈಯೆಲ್ಲ ಜೋಮು, ಉಸಿರು ಒಳಗೆ ಹೋಗ್ತಾ ಇಲ್ಲ, ಈಗ ಸತ್ತೆ ಅಂತಲೇ ಅನ್ನಿಸಿದ್ದು. ಪಂಪ್‌ವೆಲ್ಲಲ್ಲಿ ಇಳಿದು ರಿಕ್ಷಾ ಮಾಡಿ ಸೀದಾ ಕ್ಯಾಶುವಾಲ್ಟಿ. ಇಸಿಜಿ ನಾರ್ಮಲ್, ಗ್ಯಾಸ್ ಇರಬೇಕು ಅಂತ ಮಾತ್ರೆ ಕೊಟ್ಟು ಕಳಿಸಿದ್ರು. ಆಮೇಲೆ ಎರಡು ತಿಂಗಳಲ್ಲಿ ಮತ್ತೆ 3 ಇಸಿಜಿ, ಒಂದು ಎಕೋ ಅಂದ್ರೆ ಹಾರ್ಟಿನ ಸ್ಕ್ಯಾನಿಂಗ್, ಒಂದು ಟಿಎಂಟಿ ಅಂದ್ರೆ ಮಿಷನ್ ಮೇಲೆ ನಡೆಸಿ ಹಾರ್ಟ್ ನೋಡುದು, ಎಲ್ಲ ನಾರ್ಮಲ್. ರಿಪೋರ್ಟ್ ನಾರ್ಮಲ್ ಬಂದಷ್ಟೂ ನಂಗೆ ಹೆದರಿಕೆ ಜಾಸ್ತಿ, ಯಾಕಂದ್ರೆ ಇವರಿಗೆ ಯಾರಿಗೂ ಸಿಕ್ತಾ ಇಲ್ಲ ಅಂತ. ಅಪ್ಪ ಹಾರ್ಟ್ ಅಟ್ಯಾಕಲ್ಲಿ ಹೋದದ್ದು, 52 ವರ್ಷ ಅವರಿಗೆ.

ಮನೆಯಲ್ಲಿ ಅಮ್ಮ ಪ್ರಶ್ನೆ ಇಡಿಸಿದ್ರು. ಜೋಯಿಸರು ನಾಗದೋಷ ಅಂದ್ರು, ದೈವಕ್ಕೆ ಹರಕೆ ಬಾಕಿ ಉಂಟು ಅಂದ್ರು. ನಾಗನ ಪೂಜೆ, ಆಶ್ಲೇಷಾ ಬಲಿ ಮಾಡಿಸಿದೆವು. ಇದನ್ನು ತಮಾಷೆ ಮಾಡ್ಲಿಕ್ಕೆ ಬರೀತಾ ಇಲ್ಲ, ಆ ವಾರ ನಂಗೆ ನಿಜವಾಗಿ ಒಳ್ಳೆದಾಯ್ತು, ಅಮ್ಮನ ಮುಖದಲ್ಲಿ ಸಮಾಧಾನ, ಮನೆ ತುಂಬ ಜನ, ಯಾರೂ ನನ್ನನ್ನು ಒಬ್ಬನೇ ಬಿಡ್ಲಿಲ್ಲ. ಎಂಟನೇ ದಿನ ಬಸ್ ಹತ್ತಿದೆ, ಸೇತುವೆ ಬಂತು, ಅದೇ ಕತೆ. ಮತ್ತೆ ಬಸ್ಸೇ ಬಿಟ್ಟೆ. ಬಾವನ ಬೈಕಿನ ಹಿಂದೆ ಕೂತು ಕಣ್ಣು ಮುಚ್ಚಿ ಸೇತುವೆ ದಾಟುದು, ಅವನಿಗೆ ಆಗದ ದಿನ ರಜೆ.

ಬಿಜೈಗೆ ಹೋಗುವ ಮೊದ್ಲು ಇನ್ನೊಂದು ಕಡೆಗೆ ಹೋಗಿ 800 ರೂಪಾಯಿ ಕಳ್ಕೊಂಡದ್ದೂ ಉಂಟು. ಬೋರ್ಡಿನಲ್ಲಿ ದೊಡ್ಡಕ್ಕೆ ಸೈಕಾಲಜಿಸ್ಟ್ ಅಂತ ಇತ್ತು. ಒಳಗೆ ಕೂತವರು ಮುಕ್ಕಾಲು ಗಂಟೆ ಮಾತಾಡಿದ್ರು, ನಾನಲ್ಲ, ಅವ್ರು. ನೀವು ತುಂಬ ಯೋಚನೆ ಮಾಡ್ತೀರಿ, ಯೋಚನೆ ಬಿಡಿ, ಬೆಳಿಗ್ಗೆ ಬೇಗ ಏಳಿ, ಪಾಸಿಟಿವ್ ಆಗಿರಿ. ಯೋಚನೆ ಬಿಡ್ಲಿಕ್ಕೆ ಗೊತ್ತಿದ್ರೆ ನಾನು ಯಾಕೆ ಬರ್ತಿದ್ದೆ ಹೇಳಿ. ಇಂಥದ್ದು ನಮ್ಮ ಓಣಿಯಲ್ಲಿ ಫ್ರೀಯಾಗಿ ಸಿಗ್ತದೆ, ಚಾ ಸಮೇತ. ಆಮೇಲೆ ಗೊತ್ತಾದ್ದು ಅವರದ್ದು ಎಂತದೋ ಮೂರು ತಿಂಗಳ ಸರ್ಟಿಫಿಕೇಟ್ ಕೋರ್ಸ್ ಅಂತ. ಆದ್ದರಿಂದ ದುಡ್ಡು ಕೊಡುವ ಮೊದ್ಲು ಕೇಳ್ಲಿಕ್ಕೆ ನಾಚಿಕೆ ಬೇಡ, ಕ್ಲಿನಿಕಲ್ ಸೈಕಾಲಜಿಸ್ಟ್ ಅಂತ ಹಾಕಿಕೊಂಡವರಾದ್ರೆ ಆರ್‌ಸಿಐ, ಅಂದ್ರೆ ರಿಹ್ಯಾಬಿಲಿಟೇಶನ್ ಕೌನ್ಸಿಲಿನ ರಿಜಿಸ್ಟ್ರೇಶನ್ ಇರಬೇಕು, ಅದು 1992ರ ಕಾಯ್ದೆಯಿಂದ ಬಂದದ್ದು. ಎಂಫಿಲ್ ಮಾಡಿದವರಾದ್ರೆ 2 ವರ್ಷ ಆಸ್ಪತ್ರೆಯಲ್ಲಿ ಪೇಶೆಂಟ್‌ಗಳ ಜೊತೆ ಪಳಗಿ ಬಂದವರು. ಸೈಕಿಯಾಟ್ರಿಸ್ಟ್ ಬೇರೆ, ಅವ್ರು ಎಂಬಿಬಿಎಸ್ ಆಗಿ ಮೇಲೆ ಓದಿದ ಡಾಕ್ಟರ್, ಮಾತ್ರೆ ಬರೆಯುದು ಅವ್ರೇ.

ಈಗ ಬಿಜೈ. ಆ ಕಳೆದುಹೋದ ಸ್ಟಾರ್ ಪೂರ್ತಿ ರಿಸೆಪ್ಶನ್ನಿನದ್ದು. ಮೊದಲ ದಿನ ಹೋಗಿ ನಿಂತೆ, ಕೌಂಟರಲ್ಲಿದ್ದವರು ನನ್ನ ಪೂರ್ತಿ ಹೆಸರು ಬೊಬ್ಬೆ ಹಾಕಿ ಓದಿ, "ಕೌನ್ಸೆಲಿಂಗಿಗಾ? ಆಂಗ್ಸೈಟಿಯಾ?" ಅಂತ ಇಡೀ ಹಾಲಿಗೆ ಕೇಳುವ ಹಾಗೆ ಕೇಳಿದ್ರು. ಅಲ್ಲಿ ಕೂತ ಹೆಂಗಸೊಬ್ರು ತಲೆ ಎತ್ತಿದ್ರು, ನೋಡಿದ್ರೆ ನಮ್ಮ ಅಂಗಡಿಯ ಓನರ್ ಮನೆಯ ಪಕ್ಕದವರು. ಇಬ್ಬರೂ ಒಟ್ಟಿಗೆ ಮುಖ ತಿರುಗಿಸಿದೆವು, ಅವರಿಗೂ ಪಾಪ ಅದೇ ಸಂಕಟ. ಗುಟ್ಟು ಕಾಯುದು ಇವರು ಮಾಡುವ ಉಪಕಾರ ಅಲ್ಲ ಆಯ್ತಾ, 2017ರ ಮೆಂಟಲ್ ಹೆಲ್ತ್‌ಕೇರ್ ಕಾಯ್ದೆಯಲ್ಲಿ ನಮ್ಮ ಹಕ್ಕು ಅಂತಲೇ ಉಂಟು. ಒಳಗೆ ಕೌನ್ಸೆಲಿಂಗ್ ಮಾಡುವ ಮೇಡಂ ಹತ್ರ ಹೇಳಿದೆ. ಮುಂದಿನ ಸಲ ಟೋಕನ್ ನಂಬರ್ ಮಾಡಿದ್ರು, ಆದ್ರೆ ಹಳೆ ಚಾಳಿ, ಒಮ್ಮೊಮ್ಮೆ ನಂಬರ್ ಕರೆದು ಜೊತೆಗೆ ಹೆಸರನ್ನೂ ಕರೀತಾರೆ.

ಒಳಗಿನ ವಿಷಯ ಬೇರೆಯೇ. ಮೇಡಂ ಕೇಳಿದ್ದು ಯಾಕೆ ಅಂತ ಅಲ್ಲ, ಹೇಗೆ ಅಂತ. ಮೊದ್ಲು ಎಲ್ಲಿ ಶುರುವಾಯ್ತು, ಎದೆಯಲ್ಲಾ ಕೈಯಲ್ಲಾ, ಆ ಹೊತ್ತಿಗೆ ಮನಸ್ಸಲ್ಲಿ ಬಂದ ಮೊದಲ ಮಾತು ಎಂತದು. ಎಕೋ, ಟಿಎಂಟಿ ಎಲ್ಲ ನೋಡಿದ್ರು, ಥೈರಾಯ್ಡ್ ಮಾಡಿಸಿ ಬನ್ನಿ ಅಂದ್ರು. ಅದು ಸರಿ ಇದ್ದ ಮೇಲೆಯೇ ಒಂದು ಕಾಗದದಲ್ಲಿ ಉರುಟು ಚಕ್ರ ಬರೆದು ತೋರಿಸಿದ್ರು. ಸೆಖೆಗೆ ಎದೆ ಸ್ವಲ್ಪ ಜೋರು ಬಡೀತದೆ, ಇದು ಹಾರ್ಟ್ ಅಟ್ಯಾಕ್ ಅಂತ ತಲೆ ಹೇಳ್ತದೆ, ಹೆದರಿಕೆಗೆ ಅಡ್ರಿನಲಿನ್ ಬರ್ತದೆ, ಅದಕ್ಕೆ ಎದೆ ಇನ್ನೂ ಜೋರು, ಅದನ್ನು ನೋಡಿ ಇನ್ನೂ ಹೆದರಿಕೆ. ಡೇವಿಡ್ ಕ್ಲಾರ್ಕ್ ಅಂತ ಇಂಗ್ಲೆಂಡಿನ ಸೈಕಾಲಜಿಸ್ಟ್ 1986ರಲ್ಲಿ ಪ್ಯಾನಿಕ್ಕಿಗೆ, ಅಂದ್ರೆ ಹೀಗೆ ಒಮ್ಮೆಲೇ ಬರುವ ಜೋರು ಹೆದರಿಕೆಗೆ, ಕೊಟ್ಟ ವಿವರಣೆ ಇದು ಅಂತೆ, ಅದರ ಬೇರು 60ರ ದಶಕದಲ್ಲಿ ಅಮೆರಿಕದ ಆರನ್ ಬೆಕ್ ಶುರು ಮಾಡಿದ ಸಿಬಿಟಿಯಲ್ಲಿ, ಅಂದ್ರೆ ಯೋಚನೆ, ನಡವಳಿಕೆ ತಿದ್ದುವ ಥೆರಪಿಯಲ್ಲಿ. ನಂಗೆ ಹೆಸರುಗಳು ಮುಖ್ಯ ಅಲ್ಲ. ನನ್ನ ಬಸ್ಸು, ನನ್ನ ಸೇತುವೆ ಆ ಚಕ್ರದಲ್ಲಿ ಸರಿಯಾಗಿ ಕೂತಿತು, ಅಷ್ಟೇ.

ನಾಲ್ಕನೇ ಸಿಟ್ಟಿಂಗಲ್ಲಿ ಡ್ರಾವರಿನಿಂದ ಒಂದು ಸ್ಟ್ರಾ ತೆಗೆದ್ರು, ಲೈಮ್ ಸೋಡಾಕ್ಕೆ ಹಾಕ್ತಾರಲ್ಲ, ಅದೇ ಸಪೂರದ್ದು. ಮೂಗು ಹಿಡ್ಕೊಂಡು ಒಂದು ನಿಮಿಷ ಇದರಲ್ಲೇ ಉಸಿರಾಡಿ ಅಂದ್ರು. ನಂಗೆ ತಲೆ ಕೆಟ್ಟಿತು, ಉಸಿರು ಕಟ್ತದೆ ಅಂತ ಬಂದವನಿಗೆ ಉಸಿರು ಕಟ್ಟಿಸುದಾ? ನಲವತ್ತು ಸೆಕೆಂಡಿಗೆ ಸೇತುವೆಯ ಫೀಲಿಂಗೇ ಬಂತು, ಕೈ ಜೋಮು, ಎದೆ ಡವಡವ, ಬೆವರು. ಹೆದರಿಕೆ ಸೊನ್ನೆಯಿಂದ ನೂರರಲ್ಲಿ ಎಷ್ಟು ಅಂತ ಕೇಳಿದ್ರು, 85 ಅಂದೆ. ಸ್ಟ್ರಾ ಬಿಟ್ಟು ಸುಮ್ನೆ ಕೂತೆವು, ಅವ್ರು ಸಮಾಧಾನ ಎಂತದೂ ಹೇಳ್ಲಿಲ್ಲ, ಕೆಳಗೆ ಝೆರಾಕ್ಸ್ ಮಿಷನ್ನಿನ ಕಟಕಟ ಮಾತ್ರ. ನಾಲ್ಕೈದು ನಿಮಿಷಕ್ಕೆ 30 ಆಯ್ತು, ತಾನಾಗಿಯೇ. ಮತ್ತೊಮ್ಮೆ ಮಾಡಿದೆ, 60. ಮೂರನೇ ಸಲಕ್ಕೆ ನಗು ಬಂತು. ಇದು ಪಾಸಿಟಿವ್ ಆಗಿರಿ ಅಂತ ಹೇಳಿ ಬರುವಂಥದ್ದಲ್ಲ, ಮೈಗೆ ಮೈಯೇ ಹೇಳಿ ಕೊಡ್ಬೇಕು. (ಯೂಟ್ಯೂಬ್ ನೋಡಿ ಮನೆಯಲ್ಲಿ ಮಾಡ್ಲಿಕ್ಕೆ ಹೋಗ್ಬೇಡಿ, ಅಸ್ತಮಾ, ಹಾರ್ಟ್ ತೊಂದರೆ ಇದ್ದವರಿಗೆ ಇದು ಹೇಳಿದ್ದಲ್ಲ.)

ಇನ್ನೊಂದು ದಿನ, ಬಸ್ಸಲ್ಲಿ ಹೋಗುವಾಗ ಜೊತೆಗೆ ಎಂತೆಲ್ಲ ಇಟ್ಕೊಳ್ತೀರಿ ಅಂತ ಕೇಳಿದ್ರು. ನೀರಿನ ಬಾಟ್ಲಿ, ಫೋನು, ಮತ್ತೆ ಶರ್ಟಿನ ಕಿಸೆಯಲ್ಲಿ ಒಂದು ಸಾರ್ಬಿಟ್ರೇಟ್ ಸ್ಟ್ರಿಪ್ಪು, ಹಾರ್ಟಿನವರು ಎದೆನೋವಿಗೆ ನಾಲಿಗೆ ಅಡಿ ಇಡುವ ಮಾತ್ರೆ. ಅದನ್ನು ತೆಗೆದು ಮೇಜಿನ ಮೇಲೆ ಇಟ್ಟೆ. ಮೂಲೆ ಎಲ್ಲ ಮುದ್ದೆಯಾಗಿ, ಅಕ್ಷರ ಅರ್ಧ ಅಳಿಸಿ ಹೋಗಿತ್ತು. ಮೇಡಂ ತಿರುಗಿಸಿ ನೋಡಿದ್ರು, ಎಕ್ಸ್‌ಪೈರಿ 2016. ಯಾರದ್ದು ಅಂತ ಕೇಳಿದ್ರು. ಅಪ್ಪಂದು ಅಂದೆ. ಅಷ್ಟೇ ಹೇಳ್ಲಿಕ್ಕೆ ಆದದ್ದು, ಉಳಿದ ಹೊತ್ತು ನಾನು ಬರೀ ಅತ್ತದ್ದು, ಅವ್ರು ಟಿಶ್ಶೂ ಡಬ್ಬ ಈಚೆ ನೂಕಿದ್ರು. ಆ ದಿನದ 1200 ರೂಪಾಯಿ ವೇಸ್ಟ್ ಅಂತ ರಿಕ್ಷಾದಲ್ಲಿ ಅನ್ನಿಸಿತ್ತು, ಎಂತದೂ ಕಲ್ತಿಲ್ಲ ಅಂತ. ಈಗ ಹಾಗೆ ಅನ್ನಿಸುದಿಲ್ಲ. ಅಪ್ಪ ಹೋದಾಗ ಬೊಜ್ಜದ (ಉತ್ತರಕ್ರಿಯೆಯ) ಖರ್ಚು, ತಂಗಿಯ ಫೀಸು, ಬ್ಯಾಂಕಿನ ಲೋನು ಅಂತ ಓಡಾಡಿದವ ನಾನು, ಅಳ್ಲಿಕ್ಕೆ ಪುರುಸೊತ್ತು ಎಲ್ಲಿತ್ತು. ಬಾಲ್ಯ ಕೆದಕುವ ಥೆರಪಿ ಬೇರೆ, ಈಗಿನ ಯೋಚನೆ ತಿದ್ದುವ ಥೆರಪಿ ಬೇರೆ ಅಂತ ನೆಟ್ಟಿನಲ್ಲಿ ಓದಿದ್ದೆ, ಇಲ್ಲಿ ಅಷ್ಟು ಕಟ್ಟುನಿಟ್ಟು ಗೆರೆ ಎಂತದೂ ಕಾಣ್ಲಿಲ್ಲ.

ಒಂದು ಕಿರಿಕಿರಿ ಎಂತ ಅಂದ್ರೆ ಮನೆಗೆ ಕೊಡುವ ಶೀಟು ಪೂರಾ ಇಂಗ್ಲಿಷ್. ಫೀಲಿಂಗ್ ಬರೀರಿ ಅಂತ ಒಂದು ಕಾಲಂ, ಅದರಲ್ಲಿ ಸ್ಯಾಡ್, ಆಂಗ್ರಿ, ಆಂಕ್ಷಿಯಸ್. ನಂಗೆ ಆಗುದು ಮಂಡೆಬೆಚ್ಚ. ಅದು ಬೇಜಾರೂ ಅಲ್ಲ, ಸಿಟ್ಟೂ ಅಲ್ಲ, ಟೆನ್ಶನ್ ಅಂದ್ರೂ ಪೂರ್ತಿ ಆಗುದಿಲ್ಲ. ಹೆದರಿದಾಗ ನಾನು ಮನಸ್ಸಲ್ಲಿ ಹೇಳುದು ತುಳುವಲ್ಲಿ, ಎಂಕ್ ಪೋಡಿಗೆ ಆಪುಂಡು, ಅಂದ್ರೆ ನಂಗೆ ಹೆದರಿಕೆ ಆಗ್ತದೆ ಅಂತ. ಕೊನೆಗೆ ನೀವು ತುಳುವಲ್ಲೇ ಬರೀರಿ, ಕನ್ನಡ ಅಕ್ಷರದಲ್ಲಿ, ನಾನು ಓದ್ತೇನೆ ಅಂದ್ರು. ಆ ವಾರದಿಂದ ಶೀಟ್ ತುಂಬ್ಲಿಕ್ಕೆ ಶುರುವಾಯ್ತು.

ಮಾತ್ರೆ ವಿಷಯ ಬೇಗ ಹೇಳ್ತೇನೆ. ಮೇಡಂ ಕಳಿಸಿದ ಸೈಕಿಯಾಟ್ರಿಸ್ಟ್ ಸಣ್ಣ ಡೋಸಿನ, ಆತಂಕಕ್ಕೆ, ಖಿನ್ನತೆಗೆ ಕೊಡುವ ಒಂದು ಎಸ್‌ಎಸ್‌ಆರ್‌ಐ ಮಾತ್ರೆ ಕೊಟ್ರು, ಗುಣ ಕಾಣ್ಲಿಕ್ಕೆ ಎರಡರಿಂದ ನಾಲ್ಕು ವಾರ ಬೇಕು ಅಂತ ಮೊದ್ಲೇ ಹೇಳಿದ್ರು. ಮೊದಲ ವಾರ ಹೊಟ್ಟೆ ತೊಳಸಿದ ಹಾಗೆ, ಗಂಜಿ ಬಿಟ್ಟು ಎಂತದೂ ಸೇರ್ಲಿಲ್ಲ. ಪಕ್ಕದ ಮನೆಯವರು ನಿದ್ದೆ ಮಾತ್ರೆಯಾ, ಅಭ್ಯಾಸ ಆಗ್ತದೆ ಅಂದ್ರು. ಇದು ಆ ಜಾತಿಯ ಮಾತ್ರೆ ಅಲ್ಲ, ಆದ್ರೆ ಒಮ್ಮೆಲೇ ನಿಲ್ಲಿಸ್ಲಿಕ್ಕಿಲ್ಲ, ಡಾಕ್ಟರ್ ಹೇಳಿದ ಹಾಗೆ ಇಳಿಸ್ಬೇಕು.

ದುಡ್ಡು: ಸಿಟ್ಟಿಂಗಿಗೆ 1200, 50 ನಿಮಿಷ. ಹನ್ನೊಂದಕ್ಕೆ ಲೆಕ್ಕ ನೀವೇ ಹಾಕಿ, ನನ್ನ ಸಂಬಳಕ್ಕೆ ಅದು ಸಣ್ಣ ಮೊತ್ತ ಅಲ್ಲ. ಮಾನಸಿಕ ಕಾಯಿಲೆಗೂ ಉಳಿದ ಕಾಯಿಲೆಯ ಹಾಗೆಯೇ ಇನ್ಶೂರೆನ್ಸ್ ಕೊಡ್ಬೇಕು ಅಂತ ಅದೇ 2017ರ ಕಾಯ್ದೆಯಲ್ಲಿ ಉಂಟು, ಆದ್ರೆ ನನ್ನ ಪಾಲಿಸಿಯಲ್ಲಿ ಅಡ್ಮಿಟ್ ಆದ್ರೆ ಮಾತ್ರ ದುಡ್ಡು, ಕೂತು ಮಾತಾಡಿ ಎದ್ದು ಬಂದದ್ದಕ್ಕೆ ಇಲ್ಲ. ಅಷ್ಟು ಆಗದವರು ಮಂಗಳೂರಿನ ಸರ್ಕಾರಿ ಆಸ್ಪತ್ರೆ ವೆನ್ಲಾಕಿಗೆ ಹೋಗ್ಬಹುದು, ಉಡುಪಿ ಕಡೆಯವರಿಗೆ ದೊಡ್ಡಣಗುಡ್ಡೆಯಲ್ಲಿ ಡಾ. ಎ.ವಿ. ಬಾಳಿಗಾ ಆಸ್ಪತ್ರೆ ಉಂಟು. ರಾತ್ರಿ ಹೊತ್ತಿಗೆ ಮಂಡೆ ಕೆಟ್ರೆ 14416, ಟೆಲಿ ಮಾನಸ್, ಸರ್ಕಾರದ್ದು, ಫ್ರೀ, 2022ರ ಅಕ್ಟೋಬರ್‌ನಲ್ಲಿ ಶುರುವಾದದ್ದು, ಕನ್ನಡದಲ್ಲೇ ಮಾತಾಡ್ಬಹುದು. ನಾನು ಒಮ್ಮೆ ರಾತ್ರಿ ಎರಡು ಗಂಟೆಗೆ ಮಾಡಿದ್ದೇನೆ, ಆಚೆ ಬದಿಯವರು ಅವಸರ ಮಾಡ್ಲಿಲ್ಲ.

ಹೆದರಿಕೆ ಪೂರ್ತಿ ಹೋಗಿದೆ ಅಂತ ನಾನು ಹೇಳುದಿಲ್ಲ. ಮೆಟ್ಟಿಲು ಮೆಟ್ಟಿಲಾಗಿ ಮಾಡಿಸಿದ್ರು, ಮೊದ್ಲು ತೊಕ್ಕೊಟ್ಟು ಸ್ಟಾಪಿನಲ್ಲಿ ಸುಮ್ನೆ ನಿಲ್ಲುದು, ಮತ್ತೆ ಬಾವನ ಜೊತೆ ಬಸ್ಸಲ್ಲಿ, ಮತ್ತೆ ಒಬ್ಬನೇ ಆದ್ರೆ ಕಿಸೆಯಲ್ಲಿ ಸ್ಟ್ರಿಪ್ಪು, ಕೊನೆಗೆ ಸ್ಟ್ರಿಪ್ಪಿಲ್ಲದೆ. ಅದು ಈಗ ಅಮ್ಮನ ಗೋದ್ರೇಜಿನಲ್ಲಿ ಅಪ್ಪನ ವಾಚಿನ ಹತ್ರ ಉಂಟು. ಹೋದ ಸೋಮವಾರ ಸೇತುವೆ ಮೇಲೆ ಮತ್ತೆ ಜಾಮು, ಇಪ್ಪತ್ತು ನಿಮಿಷ. ಎದೆ ಹೊಡ್ಕೊಳ್ಳಿಕ್ಕೆ ಶುರುವಾಯ್ತು, 50 ಅಂತ ಮನಸ್ಸಲ್ಲೇ ಹೇಳ್ಕೊಂಡೆ. ಎದುರು ಸೀಟಿನ ಮೀನಿನ ಹೆಂಗಸು ಬುಟ್ಟಿ ನನ್ನ ಕಾಲಿಗೆ ತಾಗಿಸಿ ಇಟ್ಟು ಸ್ವಲ್ಪ ಹಿಡ್ಕೊಳ್ಳಿ ಅಣ್ಣಾ ಅಂದ್ರು, ಹಿಡ್ಕೊಂಡೆ. ಬಸ್ಸು ಹೊರಡುವಾಗ ಎಷ್ಟಾಗಿತ್ತು ಅಂತ ನೋಡ್ಲಿಕ್ಕೆ ಮರ್ತೇ ಹೋಯ್ತು, ಆಫೀಸಲ್ಲಿ ಇಡೀ ದಿನ ಪ್ಯಾಂಟು ಬಂಗುಡೆ ವಾಸನೆ.

ಭಾನುವಾರ ರಜೆ. ಶನಿವಾರದ್ದು ಬೇಕಾದ್ರೆ ಎರಡು ವಾರ ಮೊದ್ಲೇ ಫೋನ್ ಮಾಡ್ಬೇಕು. ಪಾರ್ಕಿಂಗ್ ಇಲ್ಲ, ಝೆರಾಕ್ಸಿನವ ಎದುರು ಬೈಕ್ ಇಟ್ರೆ ಬೈತಾನೆ.