ಹುಲ್ಲಿನ ಲಾರಿಗೆ ಬಿದಿರು ಗಳವೇ, ಲೇಸರ್ ಮೀಟರೇ?

ಹಾಸನದ ಕಡೆ ಹುಲ್ಲು ತುಂಬಿಕೊಂಡು ರೈಲ್ವೆ ಅಂಡರ್‌ಪಾಸ್ ದಾಟಬೇಕಾ? ಲೋಡು ಸೇತುವೆಗೆ ತಾಗುತ್ತದೋ ಇಲ್ಲವೋ ಎಂದು ಎತ್ತರ ಅಳೆಯಲು ನಾನಾದರೆ ಗಳವನ್ನೇ ಆರಿಸುತ್ತೇನೆ. ಲೋಡಿನ ಮೇಲೆ ಒಂದು ರೀಪು ಅಡ್ಡ ಇಟ್ಟು, ಆ ಮಟ್ಟಕ್ಕೆ ಗಳದಲ್ಲಿ ಗುರುತು ಹಾಕಿ, ಅದೇ ಗಳವನ್ನು ಸೇತುವೆ ಕೆಳಗೆ ಹಿಡಿದರೆ ಮುಗಿಯಿತು, ಲೆಕ್ಕವೇ ಬೇಡ. ಜೊತೆಗೆ ಇನ್ನೊಬ್ಬರು ಬೇಕು, ಅಷ್ಟೇ.

ಲೇಸರ್ ಮೀಟರ್, ಅಂದರೆ ಬೆಳಕು ಬಿಟ್ಟು ದೂರ ಅಳೆಯುವ ಸಾಧನ, ಸೇತುವೆ ಅಳೆಯಲು ಚೆನ್ನಾಗಿದೆ. ನೆಲದ ಮೇಲಿಟ್ಟು ಒತ್ತಿದರೆ ಸಾಕು. ಆದರೆ ಮಧ್ಯಾಹ್ನದ ಬಿಸಿಲಲ್ಲಿ ಕೆಂಪು ಚುಕ್ಕಿ ಕಾಣುವುದು ಕಷ್ಟ, ಹುಲ್ಲಿನ ತುದಿಗಂತೂ ಅದು ಹಿಡಿಯುವುದೇ ಇಲ್ಲ.

ಇನ್ನು ಸೇತುವೆಯ ಎತ್ತರ ಬರೆದ ಬೋರ್ಡ್ ನಂಬಿ ಸುಮ್ನೆ ನುಗ್ಗುವವರು! ಟಾರ್ ಮೇಲೆ ಟಾರ್ ಹಾಕಿದರೆ ರಸ್ತೆ ಏರುತ್ತದೆ, ಬೋರ್ಡಿನ ಅಂಕಿ ಹಾಗೇ ಇರುತ್ತದೆ, ಅಲ್ವಾ? ಅದೂ ಅಲ್ಲದೆ ಇಳಿದು ಹತ್ತುವ ಅಂಡರ್‌ಪಾಸಿನಲ್ಲಿ ಮುಂದಿನ ಚಕ್ರ ಏರಿನಲ್ಲಿ, ಹಿಂದಿನದು ಇನ್ನೂ ಇಳಿಜಾರಿನಲ್ಲಿ ಇದ್ದಾಗ ಲಾರಿಯ ನಡುಭಾಗ ಸೇತುವೆಗೆ ಹತ್ತಿರವಾಗುತ್ತದೆ, ಹಾಗಾಗಿ ಯಾವುದರಲ್ಲಿ ಅಳೆದರೂ ಒಂದಡಿ ಜಾಸ್ತಿ ಬಿಡಿ.

ಕಂಟೇನರ್ ಗಾಡಿಯಾದರೆ ಲೇಸರ್ ಸಾಕು, ಅದರ ನೆತ್ತಿ ಸಪಾಟು. ಆದರೆ ಸಾಮಾನು ಇಳಿಸಿದ ಮೇಲೆ ಸ್ಪ್ರಿಂಗ್ ಎದ್ದು ಗಾಡಿ ಇನ್ನಷ್ಟು ಎತ್ತರವಾಗುತ್ತದೆ, ವಾಪಸ್ ಬರುವಾಗ ಮತ್ತೊಮ್ಮೆ ಅಳೆಯಿರಿ.