ಹಳೇ ಸ್ಟೀಲ್ ಗಾಲ್ಫ್ ಕೋಲು ತಗೊಳ್ಳೋರು ಸ್ವಲ್ಪ ನಿಲ್ಲಿ

ಕಾರವಾರದಲ್ಲಿ ಕೂತ್ಕೊಂಡು ಗಾಲ್ಫ್ ಎಂತಕ್ಕೆ ಮಾರಾಯಾ ಅಂತ ನಗ್ಬೇಡಿ, ನಾನು ಆಡೂದಿಲ್ಲ, ಹಳೇ ಕೋಲು ಕೂಡಿಡೋ ಹುಚ್ಚು ಅಷ್ಟೇ. ಅದ್ರಲ್ಲೂ ಹಿಕೋರಿ ಮರದ ದಂಡ ಹೋಗಿ ಸ್ಟೀಲ್ ದಂಡ, ಅಂದ್ರೆ ಸ್ಟೀಲ್ ಶಾಫ್ಟ್, ಬಂದ ಕಾಲದ್ದು ಅಂದ್ರೆ ಊಟ ಬಿಟ್ಟು ಓಡ್ತೇನೆ.

ಹೋದ ವರ್ಷ ಗೋವಾ ಕಡೆ ಒಬ್ಬ ಹಳೇ ಸಾಮಾನಿನವ, "ಆರ್ಥರ್ ನೈಟ್ ಕಾಲದ ಸ್ಟೀಲ್, 1910ರದ್ದು, ಬೇರೆಲ್ಲೂ ಸಿಗೂದಿಲ್ಲ" ಅಂದ. ನೈಟ್ ಅನ್ನೋನು ಸ್ಟೀಲ್ ಕೊಳವೆ ಶಾಫ್ಟಿಗೆ 1910ರಲ್ಲಿ ಪೇಟೆಂಟ್ ತಗೊಂಡಿದ್ದು ನಿಜ, ಆದ್ರೆ ಅಮೆರಿಕದ ಗಾಲ್ಫ್ ಸಂಘ ಸ್ಟೀಲಿಗೆ ಒಪ್ಪಿದ್ದೇ 1924ರಲ್ಲಿ, ಸ್ಕಾಟ್ಲೆಂಡಿನ ಸೇಂಟ್ ಆಂಡ್ರೂಸ್ ಗಾಲ್ಫ್ ಸಂಘದವ್ರು 1929ರಲ್ಲಿ, ಹಾಗಾಗಿ ಅದಕ್ಕಿಂತ ಮೊದ್ಲಿಂದು ಸಿಕ್ಕಿದ್ರೆ ಬಂಗಾರವೇ. ಅದೇ ಆಸೆ ನನ್ನ ಮುಳುಗಿಸಿತು.

ಆ ಕೋಲಿನ ಮೇಲ್ಗಡೆ ಮರದ ಬಣ್ಣ ಇತ್ತು. ನಾನು ಭಾರಿ ಬುದ್ಧಿವಂತ ಅಲ್ರಾ, ಜೇಬಿಂದ ಮ್ಯಾಗ್ನೆಟ್ ತೆಗ್ದು ಹಿಡಿದೆ, ಟಪ್ ಅಂತ ಅಂಟ್ಕೊಂತು, ಸ್ಟೀಲೇ ಹೌದು ಅಂತ ಖುಷಿಯಲ್ಲಿ 18,000 ರೂಪಾಯಿ ಎಣಿಸಿ ಕೊಟ್ಟು ಬಂದೆ. ಮ್ಯಾಗ್ನೆಟ್ ಲೋಹ ಹೇಳ್ತದೆ, ಇಸವಿ ಹೇಳೂದಿಲ್ಲ ಅನ್ನೋದು ಆಗ ತಲೆಗೆ ಹೋಗ್ಲೇ ಇಲ್ಲ.

ಮಳೆಗಾಲದಲ್ಲಿ ಆ ಕಂದು ಹೊದಿಕೆ ಬಿರುಕು ಬಿಟ್ಟು ಹಾವಿನ ಪೊರೆ ತರ ಎದ್ದು ಬಂತು, ಒಳಗೆ ತುಕ್ಕು, ತುಕ್ಕಿನ ಕೆಳಗೆ ಕೆಳಕ್ಕೆ ಬಂದ ಹಾಗೆ ಸಪೂರ ಆಗ್ತಾ ಹೋಗೋ ಮೆಟ್ಟಿಲು ಮೆಟ್ಟಿಲು. ಈ ಮೆಟ್ಟಿಲು ಶಾಫ್ಟ್ ಬಂದಿದ್ದೇ 1920ರ ದಶಕದ ಕೊನೆಗೆ! ಹೊದಿಕೆ ಕತೆಯೂ ಅಷ್ಟೇ, ಸ್ಟೀಲ್ ಬಂದ್ಮೇಲೂ ಆಡೋರ ಕಣ್ಣಿಗೆ ಮರವೇ ಚಂದ ಕಾಣ್ತಿತ್ತು, ಅದ್ಕೆ ಕಂಪನಿಯವ್ರೇ ಮರದ ಬಣ್ಣದ ಪೊರೆ ಹಾಕಿ ಮಾರ್ತಿದ್ರು, ಪೈರಾಟೋನ್ ಅಂತಾರೆ ಅದಕ್ಕೆ. 1930ರ ಆಚೀಚೆ ರಾಶಿ ರಾಶಿ ತಯಾರಾದ ಮಾಲು. ಚಂದ ಉಂಟು, ಸುಳ್ಳಲ್ಲ, ಆದ್ರೆ ಅಪರೂಪ ಅಲ್ಲ.

ಹಾಗಾಗಿ ದುಡ್ಡು ಕೊಡೋಕೆ ಮುಂಚೆ ಚರ್ಮದ ಹಿಡಿಕೆ ಮುಗಿಯೋ ಜಾಗದಲ್ಲಿ ಹೊದಿಕೆ ಅಂಚು ಕಾಣ್ತದಾ ನೋಡಿ, ಉದ್ದಕ್ಕೂ ಉಗುರು ಎಳೀರಿ, ಅಂಚೋ ಮೆಟ್ಟಿಲೋ ಸಿಕ್ಕಿದ್ರೆ 1910ರ ಮಾತು ಅಲ್ಲಿಗೇ ಬಿಡಿ. ಮಾರೋನು ಮುಟ್ಟೋಕೆ ಬಿಡ್ಲಿಲ್ಲ ಅಂದ್ರೆ ವಾಪಸ್ ಬನ್ನಿ.

ಫೋನ್ ಮಾಡಿದ್ರೆ ಅವ, "ನಿಮ್ಮೂರ ಉಪ್ಪು ಗಾಳಿಗೆ ಹಾಳಾಗಿದ್ದು, ನಾ ಎಂತ ಮಾಡ್ಲಿ" ಅಂದ. ಉಪ್ಪು ಗಾಳಿಗೆ ತುಕ್ಕು ಹಿಡೀಬಹುದು, ಮೆಟ್ಟಿಲು ಹುಟ್ತದಾ? ಅಮ್ಮ ಈಗ ಅದ್ರಲ್ಲಿ ಹಪ್ಪಳ ಒಣಗಿಸೋವಾಗ ಕಾಗೆ ಓಡಿಸ್ತಾರೆ. ಮೊನ್ನೆ ಅದೇ ಮನುಷ್ಯ ಇನ್ನೊಂದರ ಫೋಟೋ ಕಳ್ಸಿದ್ದ, ಅದೂ 1910ರದ್ದಂತೆ, ಕಂದು ಹೊದಿಕೆ ಇನ್ನೂ ಗಟ್ಟಿ ಇತ್ತು.